ಕುಕ್ಕುಟ ನಿದಾನ

ಕೋಳಿಯೊಂದರ ಕಾಲಿನ ವಿಚಾರವಾಗಿ ಲೇಖನ ಬರೆಯುವ ಕಾಲವೂ ನನ್ನ ಪಾಲಿಗೆ ಬಂದೀತೆಂದು ನಾನು ಎಣಿಸಿರಲಿಲ್ಲ. ಪಾಠಶಾಲೆಯಲ್ಲಿ ಓದುತ್ತಿದ್ದ ದಿನಗಳಲ್ಲಿ ಕೋಳಿಗೂ ನಮಗೂ ಇದ್ದ ಸಂಬಂಧ ಎರಡೇ ಬಗೆಯದು. ಒಂದು ವ್ಯಾಕರಣದ್ದು. ಹ್ರಸ್ವ, ದೀರ್ಘ, ಪ್ಲುತಗಳ ಭೇದವನ್ನು ಹುಂಜದ ಕೂಗಿನಲ್ಲಿ ಕೇಳಿಬರುವ ಉಕಾರದಿಂದ ತಿಳಿದುಕೊಳ್ಳಬೇಕೆಂದು ಗುರುಗಳು ಹೇಳಿಕೊಡುತ್ತಿದ್ದರು. ಇನ್ನೊಂದು ಲೌಕಿಕ ನ್ಯಾಯಗಳಲ್ಲಿ ಬರುವ ಅರ್ಧಕುಕ್ಕುಟೀ ನ್ಯಾಯ. ಒಂದೇ ಕೋಳಿಯ ಅರ್ಧವನ್ನು ಅಡಿಗೆಗೂ ಉಳಿದರ್ಧವನ್ನು ಮೊಟ್ಟೆಗೂ ಇಟ್ಟುಕೊಳ್ಳಲು ಬಾರದೆಂಬುದು ಅದರ ತಾತ್ಪರ್ಯ. ಇವೆರಡನ್ನು ಬಿಟ್ಟರೆ ಕೋಳಿಯೆಂಬ ಪ್ರಾಣಿ ನಮ್ಮ ಮನೆಯ ಹೊಸ್ತಿಲನ್ನು ಎಂದೂ ದಾಟಿದುದಿಲ್ಲ.

ಹೋದ ವರ್ಷ ಭಾದ್ರಪದದಲ್ಲಿ, ಗೌರೀ ಹಬ್ಬದ ಹಿಂದಿನ ದಿನ, ಅದು ದಾಟಿತು. ಮಾಂಸದಂಗಡಿಗೆ ಕೋಳಿ ಸಾಗಿಸುವ ವಾಹನವೊಂದು ನಮ್ಮ ಬೀದಿಯ ತಿರುವಿನಲ್ಲಿ ಕುಲುಕಿದಾಗ, ಒಡೆದ ಪೆಟ್ಟಿಗೆಯ ಸಂದಿನಿಂದ ಬಿಳಿಯ ಕೋಳಿಯೊಂದು ಚರಂಡಿಯ ಪಕ್ಕಕ್ಕೆ ಬಿದ್ದಿತು. ವಾಹನ ನಿಲ್ಲಲಿಲ್ಲ. ಹತ್ತು ವರ್ಷದ ನನ್ನ ಮೊಮ್ಮಗಳು ಅದನ್ನು ಲಂಗದಲ್ಲಿ ಸುತ್ತಿಕೊಂಡು ಒಳಕ್ಕೆ ತಂದಳು. ಪರರ ಸ್ವತ್ತಾದುದರಿಂದ ನಾನು ಅಂಗಡಿಯವನಿಗೆ ಹೇಳಿಕಳುಹಿಸಿದೆನು. ಅವನು ಬಂದು, ಮಗುವಿನ ಮುಖವನ್ನು ನೋಡಿ, “ಇಟ್ಕೊಳ್ಳಿ ಮೇಷ್ಟ್ರೇ, ಹಬ್ಬದ ಬಾಗಿನ ಅಂದ್ಕೊಳ್ಳಿ” ಎಂದು ನಕ್ಕು ಹೊರಟುಹೋದನು. ಹೀಗೆ ಅದಕ್ಕೆ ಗೌರಿ ಎಂಬ ಹೆಸರು ಬಂದಿತು; ಹಿತ್ತಿಲಿನ ಸೌದೆ ಕೊಟ್ಟಿಗೆಯಲ್ಲಿ ಒಂದು ಮಂಕರಿಯೂ ದೊರೆಯಿತು.

ಅದು ಹಳ್ಳಿಯವರು ಫಾರಂ ಕೋಳಿಯೆನ್ನುವ ಜಾತಿಯದು. ಪೇಟೆಯವರು ಬ್ರಾಯ್ಲರ್ ಎನ್ನುವರು. ಆಗ ಅದರ ವಯಸ್ಸು ಆರು ವಾರಕ್ಕೆ ಮಿಕ್ಕಿರಲಾರದು. ತೂಕವಾದರೋ ಆಗಲೇ ಎರಡು ಕಿಲೋ. ಕೊರಳಲ್ಲಿ ಮರಿಯ ದನಿ, ಮೈಯಲ್ಲಿ ಮುತ್ತೈದೆಯ ಭಾರ. ಅದು ಚಿಯ್ಯೆಂದು ಕೂಗುತ್ತ ನನ್ನ ಹಿಂದೆ ತೊನೆದಾಡಿಕೊಂಡು ಬರುವಾಗ ನಮಗೆಲ್ಲ ನಗು ಬರುತ್ತಿತ್ತು. ಆ ನಡಿಗೆಯಲ್ಲಿ ನಗತಕ್ಕುದು ಏನೂ ಇರಲಿಲ್ಲವೆಂದು ತಿಳಿದುದು ಬಹಳ ತಡವಾಗಿ.

ಪ್ರೀತಿಯನ್ನು ತೋರಿಸಲು ನಮ್ಮ ಮನೆಯವರಿಗೆ ತಿಳಿದಿರುವುದು ಒಂದೇ ದಾರಿ: ಬಡಿಸುವುದು. ಬೆಳಿಗ್ಗೆ ದೋಸೆಯ ಅಂಚು, ಮಧ್ಯಾಹ್ನ ತುಪ್ಪದ ಕೈಯಿಂದ ಕಲಸಿದ ಬಿಳಿಯ ಅನ್ನ, ಸಂಜೆ ಮೊಮ್ಮಗಳ ಬಿಸ್ಕತ್ತಿನಲ್ಲಿ ಅರ್ಧ ಪಾಲು, ರಾತ್ರಿ ಮತ್ತೆ ಅನ್ನ. ಗೌರಿ ಎಂದೂ ಸಾಕೆಂದುದಿಲ್ಲ. ಅತಿಥಿಯು ಬೇಡವೆನ್ನದಿದ್ದರೆ ಗೃಹಿಣಿಗೆ ಅದಕ್ಕಿಂತ ಸಂತೋಷವುಂಟೆ? ಹೀಗಾಗಿ ಸಂಕ್ರಾಂತಿಯ ಹೊತ್ತಿಗೆ ಅವಳನ್ನು ಎತ್ತಿಕೊಳ್ಳುವುದು ಮೊಮ್ಮಗಳಿಂದ ಆಗದೆ ಹೋಯಿತು.

ಆ ಹಬ್ಬದ ಮೂರನೆಯ ದಿನ ಮಂಕರಿಯಲ್ಲಿ ಮೊಟ್ಟೆಯೊಂದು ಕಾಣಿಸಿತು. ಮೊಟ್ಟೆಯನ್ನು ನಾವು ಬಳಸುವುದಿಲ್ಲವಾದುದರಿಂದ, ಹಿಂದಿನ ಬೀದಿಯಲ್ಲಿ ನಾಟಿ ಕೋಳಿಗಳನ್ನು ಸಾಕಿಕೊಂಡಿರುವ ಮುದುಕಿಯೊಬ್ಬಳಿಗೆ ಅದನ್ನು ಕೊಡುವುದೆಂದಾಯಿತು. ಮುಂದೆ ದಿನ ಬಿಟ್ಟು ದಿನ, ಕೆಲವು ವೇಳೆ ದಿನವೂ, ಮೊಮ್ಮಗಳು ಒಂದೊಂದನ್ನು ಒಯ್ದು ಕೊಟ್ಟು ಬರುತ್ತಿದ್ದಳು. ಎರಡು ವಾರ ಕಳೆದಿರಬಹುದು. ಒಂದು ದಿನ ಆ ಮುದುಕಿಯೇ ಬೇಲಿಯ ಹತ್ತಿರ ಬಂದು ನಿಂತು, “ಮೇಷ್ಟ್ರೇ, ಮೊಟ್ಟೆ ಸಿಪ್ಪೆ ತೆಳ್ಳಗಾಗ್ತಾ ಅದೆ. ನಿನ್ನೆದು ಕೈಯಲ್ಲೇ ಒಡೆದೋಯ್ತು. ಕೋಳಿಗೆ ಸುಣ್ಣಗಿಣ್ಣ ಹಾಕ್ತೀರೋ ಇಲ್ವೋ?” ಎಂದು ಕೇಳಿದಳು. ಸುಣ್ಣವನ್ನು ವೀಳ್ಯದೆಲೆಗೆ ಹಚ್ಚುವುದುಂಟು, ಗೋಡೆಗೆ ಬಳಿಯುವುದುಂಟು, ಕೋಳಿಗೆ ತಿನ್ನಿಸುವುದು ಹೇಗೆ ಎಂದು ನಾನು ಮನಸ್ಸಿನಲ್ಲಿಯೇ ನಕ್ಕು, “ಆಗಲಿ, ನೋಡೋಣ” ಎಂದೆನು. ನೋಡಲಿಲ್ಲ.

ಅದೇ ವಾರದಲ್ಲಿ ಗೌರಿ ಹೊಸದೊಂದು ದುರಭ್ಯಾಸವನ್ನು ಕಲಿತಳು. ಹಿತ್ತಿಲಿನ ಹಳೆಯ ಗೋಡೆಯಲ್ಲಿ ಬಣ್ಣ ಕಿತ್ತುಹೋಗಿ ಒಳಗಿನ ಸುಣ್ಣದ ಪದರ ಕಾಣುತ್ತಿದ್ದ ಕಡೆ ಹೋಗಿ ನಿಂತು ಕೊಕ್ಕಿನಿಂದ ಕುಕ್ಕುತ್ತಿದ್ದಳು. ಗೋಡೆ ಹಾಳಾಗುವುದೆಂದು ನಾನು ಎರಡು ಮೂರು ಸಲ ಅವಳನ್ನು ಓಡಿಸಿ, ಕಡೆಗೆ ಅಲ್ಲಿಗೆ ಹಲಗೆಯೊಂದನ್ನು ಅಡ್ಡವಿಟ್ಟೆನು. ಈ ಹಲಗೆಯನ್ನು ವಾಚಕರು ನೆನಪಿನಲ್ಲಿಡಬೇಕು.

ರಥಸಪ್ತಮಿ ಕಳೆದ ಎರಡನೆಯ ದಿನ ಬೆಳಿಗ್ಗೆ ಮಂಕರಿಯನ್ನು ಎತ್ತಿದಾಗ ಗೌರಿ ಹೊರಕ್ಕೆ ಬರಲಿಲ್ಲ. ಎರಡು ಕಾಲುಗಳನ್ನೂ ಮುಂದಕ್ಕೆ ಮಡಿಚಿ, ಕೋಳಿಯ ಮೊಣಕಾಲೆಂದು ನಾವು ತಪ್ಪಾಗಿ ತಿಳಿದಿರುವ, ನಿಜವಾಗಿ ಅದರ ಹಿಮ್ಮಡಿಯೇ ಆದ ಕೀಲಿನ ಮೇಲೆ ಕುಳಿತಿದ್ದಳು. ಅನ್ನವನ್ನು ತೋರಿಸಿದೊಡನೆ ಏಳಲು ಯತ್ನಿಸಿದಳು; ರೆಕ್ಕೆಗಳನ್ನು ಊರುಗೋಲಿನಂತೆ ನೆಲಕ್ಕೆ ಊರಿದಳು; ಎರಡು ಅಂಗುಲ ಎದ್ದು ಮುಗ್ಗರಿಸಿದಳು. ಕೊಕ್ಕು ತೆರೆದು ಏದುತ್ತಿದ್ದಳು. ಹಿಂದಿನ ಸಂಜೆ ಅಂಗಳದಲ್ಲಿ ಓಡಾಡಿದವಳು ಅವಳೇ. ಮೊಮ್ಮಗಳು ಪಕ್ಕದಲ್ಲಿ ಕುಳಿತು, ಅಳಲೂ ಇಲ್ಲದೆ, ನನ್ನ ಮುಖವನ್ನೇ ನೋಡುತ್ತಿದ್ದಳು. ತಾತನಿಗೆ ತಿಳಿಯದ ವಿಷಯ ಲೋಕದಲ್ಲಿ ಇಲ್ಲವೆಂಬ ನಂಬಿಕೆಯು ಆ ವಯಸ್ಸಿನ ಮಕ್ಕಳಿಗೆ ಇರುವುದಷ್ಟೆ.

ಮನೆಯಲ್ಲಿ ಕೂಡಲೇ ನಾಲ್ಕು ಮತಗಳು ಹುಟ್ಟಿದುವು. ನನ್ನ ಹೆಂಡತಿಯು, “ಹಬ್ಬದ ದಿನ ಬಂದವರೆಲ್ಲ ಅವಳನ್ನೇ ನೋಡಿ ಹೋದರಲ್ಲ, ದೃಷ್ಟಿಯಲ್ಲದೆ ಇನ್ನೇನು?” ಎಂದು ಉಪ್ಪು ಮೆಣಸಿನಕಾಯಿಗಳನ್ನು ಕೈಗೆತ್ತಿಕೊಂಡಳು. ಮಗನು ರಾತ್ರಿ ಬೆಕ್ಕು ಬಂದು ಹೆದರಿಸಿರಬೇಕೆಂದನು. ಸೊಸೆಯು ನೆಲದ ಶೀತವೆಂದಳು. ನನ್ನದು ನಾಲ್ಕನೆಯ ಮತ. ಅದು ಎಲ್ಲಕ್ಕಿಂತ ಪಾಂಡಿತ್ಯದಿಂದ ಕೂಡಿದ್ದುದರಿಂದ ಎಲ್ಲಕ್ಕಿಂತ ಹೆಚ್ಚು ಹೊತ್ತನ್ನು ಹಾಳುಮಾಡಿತು.

ಏನೆಂದರೆ, ಕೋಳಿಗಳು ಕಾಲು ಬಿದ್ದುಹೋಗುವ ಒಂದು ಪ್ರಸಿದ್ಧ ಕಥೆಯನ್ನು ನಾನು ಶಾಲೆಯಲ್ಲಿ ಎಷ್ಟೋ ವರ್ಷ ಹೇಳಿದ್ದೆನು. ಜಾವಾದ್ವೀಪದ ಬಟೇವಿಯಾ ನಗರದಲ್ಲಿ ೧೮೮೯ರ ಸುಮಾರಿಗೆ ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಡಚ್ಚರ ವೈದ್ಯನು ಬೆರಿಬೆರಿ ರೋಗದ ಕಾರಣವನ್ನು ಹುಡುಕುತ್ತಿದ್ದಾಗ, ಪ್ರಯೋಗಶಾಲೆಯ ಕೋಳಿಗಳೆಲ್ಲ ಕಾಲು ಸೋತು ಬೀಳತೊಡಗಿದುವು. ಕೆಲವು ತಿಂಗಳ ತರುವಾಯ ತಾವಾಗಿಯೇ ಗುಣವೂ ಆದುವು. ವಿಚಾರಿಸಲಾಗಿ, ಆ ಕಾಲದಲ್ಲಿ ಅವಕ್ಕೆ ಸೈನಿಕರ ಆಸ್ಪತ್ರೆಯಲ್ಲಿ ಮಿಕ್ಕ ಪಾಲಿಶ್ ಅಕ್ಕಿಯ ಅನ್ನವನ್ನು ಹಾಕುತ್ತಿದ್ದರೆಂದೂ, ಹೊಸದಾಗಿ ಬಂದ ಅಡಿಗೆಯವನು ಸೈನ್ಯದ ಅನ್ನವನ್ನು ಹೊರಗಿನ ಕೋಳಿಗಳಿಗೆ ಕೊಡುವುದಿಲ್ಲವೆಂದುದರಿಂದ ಅದು ನಿಂತಿತೆಂದೂ ತಿಳಿದುಬಂದಿತು. ಅಕ್ಕಿಯ ತೌಡಿನಲ್ಲಿದ್ದ ಸತ್ತ್ವವೇ, ಎಂದರೆ ಈಗ ನಾವು ಬಿ೧ ಜೀವಸತ್ತ್ವವೆನ್ನುವುದೇ, ಅಲ್ಲಿ ಇಲ್ಲದೆಹೋಗಿದ್ದುದು. ಈ ಶೋಧಕ್ಕಾಗಿ ಐಕ್‌ಮನ್ನನಿಗೆ ೧೯೨೯ರಲ್ಲಿ ನೊಬೆಲ್ ಪಾರಿತೋಷಕವು ಲಭಿಸಿತು.

ಬಿಳಿಯ ಅನ್ನ, ಕಾಲು ಬಿದ್ದ ಕೋಳಿ, ಇನ್ನೇನು ಬೇಕು? ಹೇತುವೂ ಸಾಧ್ಯವೂ ನನ್ನ ಹಿತ್ತಿಲಿನಲ್ಲಿಯೇ ಕೂಡಿದ್ದುವು. ನಾನು ಗಿರಣಿಯಿಂದ ತೌಡನ್ನು ತರಿಸಿ, ನೀರಿನಲ್ಲಿ ಕಲಸಿ ತಿನ್ನಿಸಿ, ಮಧ್ಯಾಹ್ನದವರೆಗೆ ಫಲವನ್ನು ನಿರೀಕ್ಷಿಸುತ್ತ ಕುಳಿತೆನು. ಗೌರಿ ತೌಡನ್ನು ಸಂತೋಷದಿಂದ ತಿಂದಳು. ಆ ಸಂತೋಷವೇ ನನ್ನ ಪ್ರತಿಜ್ಞೆಗೆ ಬಾಧಕವಾಗಿದ್ದಿತು. ಆ ರೋಗದಲ್ಲಿ ಮೊದಲು ಹೋಗುವುದು ಹಸಿವು. ಕಾಲಿನ ಸೋಲು ದಿನದಿನಕ್ಕೆ ಏರುತ್ತ ಬರುತ್ತದೆ. ಇಲ್ಲಿ ಹಸಿವು ಪೂರ್ತಿಯಾಗಿದ್ದಿತು. ಸೋಲು ಒಂದು ರಾತ್ರಿಯಲ್ಲಿ ಬಂದಿದ್ದಿತು. ತನಗೆ ಗೊತ್ತಿರುವ ರೋಗವನ್ನೇ ರೋಗಿಯಲ್ಲಿ ಕಾಣುವುದು ವೈದ್ಯನಾದವನ ದೊಡ್ಡ ದೋಷವೆಂದು ಹೇಳುವರು. ಮೇಷ್ಟ್ರುಗಳಲ್ಲಿ ಅದು ಇನ್ನೂ ಹೆಚ್ಚು. ಏಕೆಂದರೆ ನಮ್ಮ ತಪ್ಪನ್ನು ತಿದ್ದುವವರು ತರಗತಿಯಲ್ಲಿ ಯಾರೂ ಇರುವುದಿಲ್ಲ.

ತೌಡು ಸೋತ ಮೇಲೆ ಮಗನ ಫೋನಿನಲ್ಲಿ ಓದಲು ತೊಡಗಿದೆನು. ಅಲ್ಲಿ ಸಿಕ್ಕಿದುದು ಮಾರೆಕ್ ರೋಗ. ಹಂಗೆರಿಯ ಪಶುವೈದ್ಯ ಯೋಜೆಫ್ ಮಾರೆಕನು ೧೯೦೭ರಲ್ಲಿ, ಕಾಲು ಸೋತಿದ್ದ ನಾಲ್ಕು ಹುಂಜಗಳಲ್ಲಿ ನರಗಳು ಊದಿಕೊಂಡಿದ್ದುದನ್ನು ಕಂಡು ಇದನ್ನು ಮೊದಲು ವರ್ಣಿಸಿದನು. ಅದಕ್ಕೆ ಕಾರಣವಾದ ವೈರಸ್ಸು ೧೯೬೭ರಲ್ಲಿ ಗೊತ್ತಾಯಿತು. ಈ ರೋಗ ಹೆಚ್ಚಾಗಿ ಎಳೆಯ ವಯಸ್ಸಿನಲ್ಲಿ ಬರುತ್ತದೆ, ಬಂದರೆ ಮದ್ದಿಲ್ಲ. ಮರಿ ಒಡೆದ ದಿನವೇ ಲಸಿಕೆ ಹಾಕಬೇಕು. ಆರು ವಾರದಲ್ಲಿ ಕೊಯ್ಯುವುದಕ್ಕೆಂದು ಬೆಳೆಸುವ ಕೋಳಿಗೆ ಆ ಲಸಿಕೆಯನ್ನು ಹಾಕುವ ವಾಡಿಕೆ ಎಲ್ಲ ಕಡೆಯೂ ಇಲ್ಲ. ಇದನ್ನು ಓದಿದ ಮೇಲೆ ನಾನು ಫೋನನ್ನು ಮಗನಿಗೆ ಹಿಂದಿರುಗಿಸಿ, ಮೊಮ್ಮಗಳು ಏನೆಂದು ಕೇಳಿದುದಕ್ಕೆ, ಏನೂ ಇಲ್ಲವೆಂದೆನು. ಅವಳು ನಂಬಲಿಲ್ಲ.

ಮಧ್ಯಾಹ್ನ ಗೌರಿಯನ್ನು ಬುಟ್ಟಿಯಲ್ಲಿ ಹುಲ್ಲು ಹಾಸಿ ಕೂರಿಸಿ ಪಶುಚಿಕಿತ್ಸಾಲಯಕ್ಕೆ ಒಯ್ದೆವು. ಅಲ್ಲಿ ಮೇಕೆಯೊಂದನ್ನು ಹಿಡಿದುಕೊಂಡು ಕಾದಿದ್ದ ರೈತನು ಬುಟ್ಟಿಯೊಳಕ್ಕೆ ಇಣುಕಿ, “ಫಾರಂ ಕೋಳಿ ಇಷ್ಟು ದಿನ ಬದುಕಿದ್ದೇ ಹೆಚ್ಚು ಬುದ್ಧಿ, ಮದ್ದಿನ ದುಡ್ಡಿಗೆ ಇಂಥವು ಎರಡು ಬರ್ತವೆ” ಎಂದನು. ಅದು ಕ್ರೂರವಾದ ಮಾತಲ್ಲ, ಲೆಕ್ಕದ ಮಾತು. ಹತ್ತು ವರ್ಷದ ಮಗುವಿನ ಎದುರಿನಲ್ಲಿ ಆ ಲೆಕ್ಕಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ವೈದ್ಯೆಯು ಚಿಕ್ಕ ವಯಸ್ಸಿನವಳು. ನಮ್ಮ ಆಯುರ್ವೇದದಲ್ಲಿ ಪರೀಕ್ಷೆಯು ದರ್ಶನ, ಸ್ಪರ್ಶನ, ಪ್ರಶ್ನ ಎಂದು ಮೂರು ಬಗೆಯಾಗಿರುವುದಷ್ಟೆ. ಆಕೆ ಆ ಹೆಸರುಗಳನ್ನು ಹೇಳದೆಯೇ ಮೂರನ್ನೂ ಕ್ರಮವಾಗಿ ನಡೆಯಿಸಿದಳು. ಮೊದಲು ಗೌರಿಯನ್ನು ನೆಲದ ಮೇಲೆ ಬಿಟ್ಟು ಎರಡು ನಿಮಿಷ ಸುಮ್ಮನೆ ನೋಡಿದಳು. ಒಂದು ಕಾಲು ಮುಂದಕ್ಕೂ ಇನ್ನೊಂದು ಹಿಂದಕ್ಕೂ ಚಾಚಿದ್ದರೆ ಮಾರೆಕ್ ರೋಗವನ್ನು ಶಂಕಿಸಬೇಕಂತೆ. ಇಲ್ಲಿ ಎರಡೂ ಕಾಲು ಸಮವಾಗಿ ಸೋತಿದ್ದುವು. ಕೊರಳು ತಿರುಚಿಕೊಂಡಿರಲಿಲ್ಲ, ಹಿಕ್ಕೆಯಲ್ಲಿ ಹಸುರು ಇರಲಿಲ್ಲ. ಆದುದರಿಂದ ರಾಣಿಖೇತ್ ರೋಗದ ಲಕ್ಷಣವಿಲ್ಲ. ಜುಟ್ಟು ಕೆಂಪಾಗಿದ್ದಿತು, ಕಣ್ಣು ಚುರುಕಾಗಿದ್ದಿತು.

ಆಮೇಲೆ ಕೈಗೆತ್ತಿಕೊಂಡಳು. ಅಂಗಾಲನ್ನು ತಿರುಗಿಸಿ ನೋಡಿದಳು: ಭಾರದ ಕೋಳಿಗಳಿಗೆ ಅಲ್ಲಿ ಗಾಯವಾಗಿ, ನಂಜೇರಿ, ಒಳಗೆ ಗಟ್ಟಿಯಾದ ಕೀವಿನ ಗಂಟು ಕಟ್ಟುವುದುಂಟು. ಗೌರಿಗೆ ಚರ್ಮ ದಪ್ಪವಾಗಿದ್ದಿತೇ ಹೊರತು ಗಂಟು ಇರಲಿಲ್ಲ. ಬೆರಳುಗಳ ಬುಡದಲ್ಲಿ ದಾರವಾಗಲಿ ಕೂದಲಾಗಲಿ ಸುತ್ತಿಕೊಂಡಿದೆಯೇ ಎಂದು ಹುಡುಕಿದಳು. ಎಷ್ಟೋ ಸಾಕುಕೋಳಿಗಳ ಕುಂಟಿಗೆ ಕಾರಣ ಇಷ್ಟೇ ಎಂದಳು. ಹಿಮ್ಮಡಿಯ ಕೀಲಿನ ಹಿಂಬದಿಯಲ್ಲಿ ಬೆರಳಾಡಿಸಿದಳು: ಮಾಂಸದ ತಳಿಯಲ್ಲಿ ಮೈಭಾರಕ್ಕೆ ಅಲ್ಲಿನ ಸ್ನಾಯುರಜ್ಜು ಹರಿದುಹೋಗಿ ಚರ್ಮದ ಕೆಳಗೆ ಹಸುರು ಕಲೆ ಕಾಣುವುದಂತೆ, ಅದೂ ಇರಲಿಲ್ಲ. ಬೆರಳನ್ನು ಚಿವುಟಿದಾಗ ಗೌರಿ ಕಾಲನ್ನು ಎಳೆದುಕೊಂಡಳು. ವೈದ್ಯೆಯ ಬೆರಳನ್ನು ಹಿಡಿಯಲು ಕೊಟ್ಟರೆ ದುರ್ಬಲವಾಗಿಯಾದರೂ ಹಿಡಿದಳು. ಎಂದರೆ ನರಗಳಿಗೆ ಅರಿವಿದೆ, ಬಲವಿಲ್ಲ. ಕಡೆಗೆ ಹೊಟ್ಟೆಯ ಹಿಂಭಾಗವನ್ನು ಮೆಲ್ಲಗೆ ಒತ್ತಿ ನೋಡಿ, ಅಲ್ಲಿಯೇ ಕೈಯನ್ನು ನಿಲ್ಲಿಸಿದಳು. “ಒಳಗೆ ಮೊಟ್ಟೆ ಇದೆ, ಮೇಷ್ಟ್ರೇ. ಸಿಪ್ಪೆ ಇನ್ನೂ ಗಟ್ಟಿಯಾಗಿಲ್ಲ.”

ಇನ್ನು ಪ್ರಶ್ನ. ರೋಗಿಯು ಮಾತನಾಡದುದರಿಂದ ಮನೆಯವರನ್ನೇ ಕೇಳಬೇಕಾಯಿತು. ವಯಸ್ಸೆಷ್ಟು? ಆರೂವರೆ ತಿಂಗಳು. ಮೊಟ್ಟೆಯಿಡಲು ತೊಡಗಿ ಎಷ್ಟು ದಿನವಾಯಿತು? ಮೂರು ವಾರ. ಸಿಪ್ಪೆ ಹೇಗಿದ್ದಿತು? ನಾನು ತಡವರಿಸಿದೆನು, ತೆಳ್ಳಗಾಗುತ್ತಿದ್ದಿತೆಂದು ಮೊಮ್ಮಗಳು ಹೇಳಿದಳು. ಮೇವೇನು? ಅನ್ನ. ಅನ್ನದ ಜೊತೆಗೆ? ಮತ್ತೆ ಅನ್ನ. ಚಿಪ್ಪಿನ ಚೂರು, ಸುಣ್ಣಕಲ್ಲಿನ ಪುಡಿ, ಏನಾದರೂ? ಆಗ ನನಗೆ ಬೇಲಿಯ ಹತ್ತಿರ ನಿಂತ ಮುದುಕಿಯ ನೆನಪಾಯಿತು. ವೈದ್ಯೆಯು ಇಷ್ಟೆಲ್ಲ ಪರೀಕ್ಷೆಮಾಡಿ ಕಡೆಯಲ್ಲಿ ಕೇಳಿದ ಪ್ರಶ್ನೆಯನ್ನು ಅವಳು ಒಡೆದ ಮೊಟ್ಟೆಯೊಂದನ್ನು ಕಂಡು ಮೊದಲೇ ಕೇಳಿದ್ದಳು.

ವೈದ್ಯೆಯು ಬಿಡಿಸಿ ಹೇಳಿದ ಸಂಗತಿಯಿದು. ಒಂದು ಮೊಟ್ಟೆಯ ಸಿಪ್ಪೆಯಲ್ಲಿ ಸುಮಾರು ೨ ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಸಿಪ್ಪೆ ಕಟ್ಟುವ ಕೆಲಸಕ್ಕೆ ಸುಮಾರು ೨೦ ಗಂಟೆ ಬೇಕು. ಅದರ ಹೆಚ್ಚಿನ ಪಾಲು ನಡೆಯುವುದು ರಾತ್ರಿ, ಕೋಳಿ ಏನನ್ನೂ ತಿನ್ನದ ಹೊತ್ತಿನಲ್ಲಿ. ಆಗ ಅದು ತನ್ನ ಮೂಳೆಗಳ ಒಳಗೆ ಇದಕ್ಕೆಂದೇ ಕೂಡಿಟ್ಟ ನಿಧಿಯಿಂದ ಕ್ಯಾಲ್ಸಿಯಮನ್ನು ತೆಗೆದು ರಕ್ತಕ್ಕೆ ಕೊಟ್ಟು, ರಕ್ತದಿಂದ ಸಿಪ್ಪೆಗೆ ಸಾಗಿಸುತ್ತದೆ. ಮೇವಿನಿಂದ ಆ ನಿಧಿ ತುಂಬದಿದ್ದರೆ ರಕ್ತವೇ ಬರಿದಾಗುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಮಾಂಸಖಂಡಗಳು ಸೋಲುತ್ತವೆ. ಆದುದರಿಂದಲೇ ಈ ಕೋಳಿಗಳು ಸಂಜೆ ಸರಿಯಾಗಿದ್ದು ಬೆಳಿಗ್ಗೆ ಏಳಲಾರದೆ ಕುಳಿತಿರುತ್ತವೆ, ಏದುತ್ತವೆ, ಕೆಲವು ಸತ್ತೇ ಇರುತ್ತವೆ. ಮಾಂಸದ ತಳಿಯ ತಾಯಿಕೋಳಿಗಳಲ್ಲಿ, ಮೊಟ್ಟೆಯ ಕಾಲದ ಮೊದಲ ವಾರಗಳಲ್ಲಿ, ಇದು ಎಲ್ಲರೂ ಬಲ್ಲ ರೋಗ.

ನಾನು ಮನೆಗೆ ಬಂದು ಲೆಕ್ಕಹಾಕಿದೆನು. ನೂರು ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಕ್ಯಾಲ್ಸಿಯಂ ಇರುವುದು ೧೦ ಮಿಲಿಗ್ರಾಮಿನ ಆಸುಪಾಸು. ಒಂದು ಸಿಪ್ಪೆಗೆ ಬೇಕಾದುದು ಅದರ ಇನ್ನೂರರಷ್ಟು. ನಮ್ಮ ರಾಗಿಯಲ್ಲಿಯಾದರೆ ನೂರು ಗ್ರಾಮಿಗೆ ಸುಮಾರು ೩೫೦ ಮಿಲಿಗ್ರಾಂ ಉಂಟು, ಆದರೂ ಸಾಲದು. ತುಪ್ಪದನ್ನದ ಸಂತರ್ಪಣೆಯ ನಡುವೆ ನಮ್ಮ ಗೌರಿ ದಿನಕ್ಕೊಂದು ಮೊಟ್ಟೆಯ ಮೂಲಕ ತನ್ನ ಮೂಳೆಗಳನ್ನು ಹಿಂದಿನ ಬೀದಿಗೆ ಕಳುಹಿಸುತ್ತಿದ್ದಳು. ನಾನು ಬಿಳಿಯ ಅಕ್ಕಿಯನ್ನು ಅಪರಾಧಿಯೆಂದು ಹಿಡಿದುದು ಸರಿಯಾಗಿಯೇ ಇದ್ದಿತು. ಹೊರಿಸಿದ ಅಪರಾಧ ಮಾತ್ರ ಬೇರೆಯದಾಗಿದ್ದಿತು.

ಮಾಧವನಿದಾನವನ್ನು ಓದಿದವರಿಗೆ ರೋಗವನ್ನು ಅರಿಯುವ ಐದು ಬಾಗಿಲುಗಳು ಗೊತ್ತಿರುತ್ತವೆ: ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ. ರೋಗ ಬರುವುದಕ್ಕೆ ಮುಂಚೆ ಮಂಜಿನೊಳಗಿನ ಮನುಷ್ಯನಂತೆ ಕಾಣಿಸಿಕೊಳ್ಳುವುದು ಪೂರ್ವರೂಪ. ತೆಳ್ಳನೆಯ ಸಿಪ್ಪೆ ಒಂದು ಪೂರ್ವರೂಪ. ಅದನ್ನು ನಕ್ಕು ಕಳೆದೆನು. ಗೋಡೆಯ ಸುಣ್ಣವನ್ನು ಕುಕ್ಕಿದುದು ಇನ್ನೊಂದು. ಸಾಕುವವನಿಗೆ ತಿಳಿಯದ ಔಷಧವನ್ನು ಆ ಪ್ರಾಣಿ ತಾನೇ ಹುಡುಕಿಕೊಂಡು ಹೋಗಿದ್ದಿತು. ಅಲ್ಲಿಗೆ ಹಲಗೆಯನ್ನು ಅಡ್ಡವಿಟ್ಟವನು ನಾನು.

ಉಪಶಯವೆಂದರೆ ಔಷಧವನ್ನು ಕೊಟ್ಟು ನೋಡಿ ರೋಗವನ್ನು ನಿಶ್ಚಯಿಸುವುದು. ವೈದ್ಯೆಯು ಕ್ಯಾಲ್ಸಿಯಂ ಗ್ಲೂಕೋನೇಟ್ ಎಂಬುದನ್ನು ಸೂಜಿಯಿಂದ ನಿಧಾನವಾಗಿ ಕೊಟ್ಟು, ಬಾಯಿಗೆ ಹಾಕಲು ಒಂದು ದ್ರವವನ್ನೂ ಕೊಟ್ಟಳು. ಬೆಚ್ಚಗೆ, ಮೆತ್ತಗೆ, ಅರೆಗತ್ತಲೆಯಲ್ಲಿ ಇಡಬೇಕೆಂದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಗೌರಿ ಮೊಟ್ಟೆಯಿಟ್ಟಳು. ಅದಕ್ಕೆ ಸಿಪ್ಪೆಯೇ ಇರಲಿಲ್ಲ, ಒದ್ದೆಯ ಕಾಗದದಂಥ ಒಂದು ಪೊರೆ ಮಾತ್ರ. ರಾತ್ರಿ ಎರಡು ಸಲ ನಾನು ಎದ್ದು ಹೋಗಿ ಉಸಿರನ್ನು ನೋಡಿ ಬಂದೆನು. ಎರಡನೆಯ ಸಲ ಹೋದಾಗ ಮೊಮ್ಮಗಳು ಅಲ್ಲಿಯೇ ಗೋಣಿಚೀಲದ ಮೇಲೆ ಮಲಗಿದ್ದಳು. ಬೆಳಿಗ್ಗೆ ಮಂಕರಿಯನ್ನು ಎತ್ತಿದಾಗ ಗೌರಿ ಎದ್ದು ನಿಂತಿದ್ದಳು. ಕಾಲು ನಡುಗುತ್ತಿದ್ದುವು, ಆದರೂ ನಿಂತಿದ್ದಳು.

ಕೂಡಲೇ ಮನೆಯಲ್ಲಿ ವಿಜಯೋತ್ಸವ ನಡೆಯಿತು. ನನ್ನ ಹೆಂಡತಿಗೆ ದೃಷ್ಟಿ ತೆಗೆದುದು ಫಲಿಸಿತ್ತು. ಸೊಸೆಗೆ ಗೋಣಿಯ ಬಿಸುಪು ಫಲಿಸಿತ್ತು. ನಾನೂ ತೌಡಿನ ಪರವಾಗಿ ಒಂದು ಮಾತನಾಡಿರಬಹುದು. ಕಾಗೆ ಕುಳಿತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಸಂಬಂಧವನ್ನು ಕಲ್ಪಿಸುವ ಕಾಕತಾಳೀಯ ನ್ಯಾಯವನ್ನು ಮಕ್ಕಳಿಗೆ ಬೋಧಿಸುವುದು ಸುಲಭ; ತನ್ನ ಕಾಗೆಯನ್ನು ತಾನು ಬಿಟ್ಟುಕೊಡುವುದು ಕಷ್ಟ.

ಇಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಗೌರಿ ಎದ್ದಳು, ನಡೆದಳು, ಆದರೆ ಕುಂಟು ಪೂರ್ತಿಯಾಗಿ ಹೋಗಲಿಲ್ಲ. ವಾರದ ತರುವಾಯ ಮತ್ತೆ ತೋರಿಸಿದಾಗ ವೈದ್ಯೆಯು ಅವಳನ್ನು ತಕ್ಕಡಿಯಲ್ಲಿ ಕೂರಿಸಿದಳು: ೫ ಕಿಲೋ ೨೦೦ ಗ್ರಾಂ. ಈ ತಳಿಯ ತಾಯಿಕೋಳಿಗಳನ್ನು ಸಾಕುವವರು ಈ ವಯಸ್ಸಿನಲ್ಲಿ ಅವನ್ನು ಮೂರೂವರೆ ಕಿಲೋದ ಸುಮಾರಿನಲ್ಲಿ ತಡೆದಿಟ್ಟಿರುವರಂತೆ. “ಸುಣ್ಣದ ಕೊರತೆ ನಿನ್ನೆ ಮೊನ್ನೆಯದು, ಮೇಷ್ಟ್ರೇ, ಅದನ್ನು ತುಂಬಿದ್ದಾಯಿತು. ಈ ಭಾರ ಹುಟ್ಟಿನಿಂದ ಬಂದದ್ದು” ಎಂದಳು.

ಆ ಹುಟ್ಟಿನ ಕಥೆಯನ್ನು ನಾನು ಆಮೇಲೆ ಓದಿಕೊಂಡೆನು. ಅಮೆರಿಕದಲ್ಲಿ ‘ನಾಳೆಯ ಕೋಳಿ’ ಎಂಬ ಹೆಸರಿನ ಸ್ಪರ್ಧೆಯೊಂದು ನಡೆದು, ೧೯೪೮ರಲ್ಲಿ ಡೆಲವೇರ್ ಸಂಸ್ಥಾನದಲ್ಲಿ ಅದರ ಅಂತಿಮ ಪರೀಕ್ಷೆಯಾಯಿತು. ಅಗಲವಾದ ಎದೆ, ತುಂಬಿದ ತೊಡೆ, ಬೇಗ ಬೆಳೆಯುವ ಮೈ. ಗೆದ್ದುದು ಕಾರ್ನಿಷ್ ತಳಿಯ ಮಿಶ್ರಸಂತಾನ. ಅಲ್ಲಿಂದ ಮುಂದೆ ಮಾಂಸಕ್ಕೆ ಒಂದು ವಂಶ, ಮೊಟ್ಟೆಗೆ ಒಂದು ವಂಶ ಎಂದು ಕೋಳಿಗಳು ಬೇರೆಯಾದುವು. ನಮ್ಮ ಶಾಸ್ತ್ರಕಾರರು ಒಂದು ಕೋಳಿಯನ್ನು ಅರ್ಧರ್ಧ ಮಾಡಲು ಬಾರದೆಂದರು; ಇವರು ಕುಲವನ್ನೇ ಎರಡು ಮಾಡಿದರು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾನಿಲಯದವರು ಹಳೆಯ ವಂಶಗಳನ್ನು ಉಳಿಸಿಕೊಂಡು ಬಂದು, ಒಂದೇ ಮೇವನ್ನು ಕೊಟ್ಟು ಬೆಳೆಸಿ ಹೋಲಿಸಿ, ೨೦೧೪ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ೫೬ ದಿನ ತುಂಬಿದಾಗ ೧೯೫೭ರ ವಂಶದ ಕೋಳಿಯ ತೂಕ ೯೦೫ ಗ್ರಾಂ, ೧೯೭೮ರದು ೧೮೦೮ ಗ್ರಾಂ, ೨೦೦೫ರದು ೪೨೦೨ ಗ್ರಾಂ. ನಾನು ಹುಟ್ಟುವುದಕ್ಕೆ ಸ್ವಲ್ಪ ಮುಂಚಿನ ಕೋಳಿಗೂ ಈಗಿನದಕ್ಕೂ ನಾಲ್ಕೂವರೆ ಪಾಲು ಅಂತರ. ಮಾಂಸವು ಹೀಗೆ ಓಡುತ್ತಿರುವಾಗ ಎಳೆಯ ಮೂಳೆಯೂ ಕೀಲೂ ಹೃದಯವೂ ಅದರ ಜೊತೆಗೆ ಓಡಲಾರವು.

ಇನ್ನೊಂದು ಸಂಗತಿಯನ್ನು ಓದಿದ ದಿನ ನನಗೆ ಸರಿಯಾಗಿ ನಿದ್ರೆ ಬರಲಿಲ್ಲ. ಇಂಗ್ಲೆಂಡಿನಲ್ಲಿ ಕೆಲವು ವಿದ್ವಾಂಸರು ಕುಂಟುವ ಮತ್ತು ಕುಂಟದ ಮಾಂಸದ ಕೋಳಿಗಳ ಮುಂದೆ ಎರಡು ಬಗೆಯ ಮೇವನ್ನು ಇಟ್ಟರು. ಒಂದರಲ್ಲಿ ನೋವು ನಿವಾರಣೆಯ ಔಷಧವನ್ನು ಬೆರೆಸಿದ್ದರು. ಕುಂಟುವ ಕೋಳಿಗಳು ಔಷಧದ ಮೇವನ್ನೇ ಹೆಚ್ಚಾಗಿ ಆರಿಸಿ ತಿಂದುವು; ಕುಂಟು ಹೆಚ್ಚಿದಷ್ಟೂ ತಿಂದ ಔಷಧವೂ ಹೆಚ್ಚಿತು. ಇದು ೨೦೦೦ದಲ್ಲಿ ಪ್ರಕಟವಾದುದು. ಬಾಯಿಲ್ಲದ ಪ್ರಾಣಿಯನ್ನು ಪ್ರಶ್ನೆ ಕೇಳಲು ಬಾರದೆಂದು ನಾನು ಮೇಲೆ ಬರೆದೆನು; ಅದು ತಪ್ಪು. ಗೌರಿಯ ತೊನೆದಾಟವನ್ನು ಕಂಡು ನಾವು ನಕ್ಕ ದಿನಗಳೆಲ್ಲ ನನಗೆ ನೆನಪಿಗೆ ಬಂದುವು.

ಈಗ ಅವಳಿಗೆ ಅನ್ನವಿಲ್ಲ. ಮೊಟ್ಟೆಕೋಳಿಗೆಂದು ಮಾರುವ ಮೇವನ್ನು ವೈದ್ಯೆಯು ಹೇಳಿದ ಅಳತೆಯಲ್ಲಿ ಎರಡು ಹೊತ್ತು ಕೊಡುತ್ತೇವೆ. ಚಿಪ್ಪಿನ ಚೂರನ್ನು ಬೇರೊಂದು ಬಟ್ಟಲಿನಲ್ಲಿಟ್ಟು, ಬೇಕಾದಷ್ಟನ್ನು ಅವಳೇ ತೆಗೆದುಕೊಳ್ಳುವಂತೆ ಬಿಟ್ಟಿದ್ದೇವೆ. ಮೊಟ್ಟೆಯಿಡದ ಮರಿಗಳಿಗೆ ಅಷ್ಟೇ ಸುಣ್ಣವನ್ನು ಮೇವಿನಲ್ಲಿ ಬೆರೆಸಿದರೆ ಮೂತ್ರಪಿಂಡ ಕೆಡುವುದೆಂಬುದನ್ನೂ, ಇದನ್ನು ಓದಿ ಯಾರಾದರೂ ಅವಸರಪಟ್ಟಾರೆಂದು, ಇಲ್ಲಿ ಹೇಳಿಬಿಡುತ್ತೇನೆ. ಮಂಕರಿಯ ಕೆಳಗೆ ಒಂದು ಗೇಣು ಹುಲ್ಲಿದೆ. ಹತ್ತಿ ಇಳಿಯಲು ಎತ್ತರವಾದುದೇನೂ ಅವಳ ದಾರಿಯಲ್ಲಿಲ್ಲ. ಗೋಡೆಯ ಹಲಗೆಯನ್ನು ಅದೇ ದಿನ ಕಿತ್ತು ಹಾಕಿದೆನು. ಮೂರು ತಿಂಗಳಲ್ಲಿ ಮುಕ್ಕಾಲು ಕಿಲೋ ಇಳಿದಿದ್ದಾಳೆ, ನಡಿಗೆ ಹಗುರವಾಗಿದೆ. ಹಿಂದಿನ ಬೀದಿಯ ಮುದುಕಿಯ ಮನೆಗೆ ನಾನೇ ಹೋಗಿ, ಅವಳು ಮೊದಲೇ ಹೇಳಿದ್ದುದನ್ನೂ ನಾನು ಕೇಳದೆ ಹೋದುದನ್ನೂ ಒಪ್ಪಿಕೊಂಡು ಬಂದೆನು. ಅವಳಿಗೆ ಆ ಮಾತು ಆಡಿದ ನೆನಪೇ ಇರಲಿಲ್ಲ. “ಕೋಳಿ ಸಾಕಿದೋರ್ಗೆ ಗೊತ್ತಿರ್ತದೆ ಬಿಡಿ” ಎಂದು ಜರಡಿ ಹಿಡಿಯುವುದನ್ನು ಮುಂದುವರಿಸಿದಳು.

ಆದರೆ ಒಂದು ಕಷ್ಟ ಉಳಿದಿದೆ; ಅದಕ್ಕೆ ವೈದ್ಯೆಯಲ್ಲಿಯೂ ಮದ್ದಿಲ್ಲ. ಬೇಗ ಮೈ ತುಂಬಲೆಂದು ತಲೆಮಾರುಗಳಿಂದ ಆರಿಸಿ ಬೆಳೆಸಿದ ಈ ಕುಲಕ್ಕೆ ಹಸಿವು ತಣಿಯುವುದೆಂಬುದಿಲ್ಲ. ಈ ತಳಿಯ ತಾಯಿಕೋಳಿಗಳನ್ನು ಬದುಕಿಸಿಕೊಂಡು ಮೊಟ್ಟೆ ಪಡೆಯಲು ಸಾಕುವವರೇ ಅವನ್ನು ಅರೆಹೊಟ್ಟೆಯಲ್ಲಿ ಇಡಬೇಕಾಗುತ್ತದೆ. ತಿನ್ನಲು ಕೊಟ್ಟರೆ ಕಾಲು ಹೋಗುತ್ತದೆ, ಹೃದಯ ಹೋಗುತ್ತದೆ. ಕೊಡದಿದ್ದರೆ ದಿನವೆಲ್ಲ ಹಸಿವು. ಮನುಷ್ಯನು ತನ್ನ ಊಟಕ್ಕಾಗಿ ಇಂಥದೊಂದು ಇಕ್ಕಟ್ಟನ್ನು ಮೈಯಾಗಿ ಮಾಡಿ ಜೀವ ತುಂಬಿ ಬಿಟ್ಟಿದ್ದಾನೆ; ಆ ಇಕ್ಕಟ್ಟಿನಲ್ಲಿ ಒಂದು ಈಗ ನನ್ನ ಹಿತ್ತಿಲಿನಲ್ಲಿದೆ. ಕೋಳಿಯನ್ನು ತಿನ್ನದ ಮನೆಯವನೆಂಬ ಸಮಾಧಾನವನ್ನು ನಾನು ತಂದುಕೊಳ್ಳಬಹುದಾಗಿತ್ತು. ಆದರೆ ಪ್ರತಿದಿನವೂ ಅವಳ ಮುಂದೆ ಅಳತೆಯ ಬಟ್ಟಲನ್ನು ಹಿಡಿದು ನಿಲ್ಲುವವನು ನಾನು.

ಮೊನ್ನೆ ಸಂಜೆ ಮೊಮ್ಮಗಳು ಮೇವನ್ನು ಹಾಕಿದಳು. ಗೌರಿ ಎರಡು ನಿಮಿಷದಲ್ಲಿ ಮುಗಿಸಿ, ಕುತ್ತಿಗೆಯನ್ನು ಓರೆಮಾಡಿ ಒಂದು ಕಣ್ಣಿನಿಂದ ನನ್ನನ್ನೂ ಬಟ್ಟಲನ್ನೂ ನೋಡಿದಳು. “ತಾತ, ಇನ್ನೊಂದು ಚೂರು ಹಾಕ್ಲಾ? ಅವಳಿಗೆ ಸಾಲ್ಲಿಲ್ಲ” ಎಂದು ಮಗು ಕೇಳಿತು. ಬೇಡವೆಂದೆನು. “ಅವಳಿಗೆ ನಮ್ಮ ಮೇಲೆ ಕೋಪ ಬರಲ್ವಾ?” ಎಂದಿತು. ಬರಬಹುದು ಎಂದೆನು. ಮಗು ಸ್ವಲ್ಪ ಹೊತ್ತು ಯೋಚಿಸಿ, ಬಟ್ಟಲನ್ನು ಒಳಗಿಟ್ಟು ಬಂದು, ಗೌರಿಯ ಪಕ್ಕದಲ್ಲಿ ಹುಲ್ಲಿನ ಮೇಲೆ ಕುಳಿತು ಅವಳ ಬೆನ್ನನ್ನು ಸವರತೊಡಗಿತು. ಕತ್ತಲಾಗುವವರೆಗೆ ಇಬ್ಬರೂ ಅಲ್ಲಿಯೇ ಇದ್ದರು.